ಗೆರೆ ಬದುಕಿಸಿದ ದ್ವೀಪ

ಸೂರತ್‌ನ ಹಳೆಯ ಮನೆಗಳಲ್ಲಿ ಕತಾರ್‌ಗಾಮ್ ಎಂದರೆ ಮೊದಲು ನೆನಪಾಗುವುದು ಪಾಪಡಿ, ಆಮೇಲೆ ವಜ್ರ. ನಮ್ಮ ಅವರೆಯ ಬಳಗಕ್ಕೇ ಸೇರಿದ ಈ ಎಳೆಗಾಯಿ ಇಲ್ಲದೆ ಅಲ್ಲಿ ಚಳಿಗಾಲದ 'ಉಂಧಿಯು' ಎಂಬ ತರಕಾರಿ ಅಡುಗೆ ಆಗುವುದಿಲ್ಲ. ಅವರೆಕಾಯಿಗೆ ಮಾಗಡಿಯ ಹೆಸರು ಅಂಟಿಕೊಂಡಿರುವಂತೆ ಪಾಪಡಿಗೆ ಕತಾರ್‌ಗಾಮ್‌ನ ಹೆಸರು ಅಂಟಿಕೊಂಡಿದೆ. ತಾಪಿ ನದಿಯ ಮೆಕ್ಕಲು ಮಣ್ಣಿನ ಆ ಹೊಲಗಳು ಈಗ ಕಟ್ಟಡಗಳಾಗಿವೆ. ಒಳಗೆ ಸಾಲುಸಾಲು ಮೇಜುಗಳು. ನಡುವೆ ಗಿರ್ರನೆ ತಿರುಗುವ ಸಾಣೆ, ಸುತ್ತ ನಾಲ್ಕು ಜನ ತಲೆ ತಗ್ಗಿಸಿ ಕೂತು ಅಕ್ಕಿಕಾಳಿಗಿಂತ ಚಿಕ್ಕ ಕಲ್ಲಿಗೆ ಮುಖ ಕೊಡುತ್ತಿರುತ್ತಾರೆ. ಆ ಮೇಜಿಗೆ ಅಲ್ಲಿ 'ಘಂಟಿ' ಎನ್ನುತ್ತಾರೆ, ಕೂತವರಿಗೆ 'ರತ್ನಕಲಾಕಾರ್' ಎನ್ನುತ್ತಾರೆ. ಅವರಲ್ಲಿ ಬಹುಪಾಲು ಮಂದಿಯ ಬೇರು ಸೌರಾಷ್ಟ್ರದಲ್ಲಿದೆ. ಭಾವನಗರ, ಅಮ್ರೇಲಿ, ಬೋಟಾದ್, ಜುನಾಗಢದ ಕಡೆಯ ಒಣ ಹೊಲಗಳನ್ನು, ಅದರಲ್ಲೂ 1980ರ ದಶಕದ ನಡುವಿನ ಬರಗಾಲದಲ್ಲಿ, ಬಿಟ್ಟು ಬಂದವರ ಮನೆತನಗಳು ಇವು. ದೀಪಾವಳಿಯ ರಜೆ ಬಂತೆಂದರೆ ಕತಾರ್‌ಗಾಮ್ ಮತ್ತು ಪಕ್ಕದ ವರಾಛಾ ಅರ್ಧ ಖಾಲಿಯಾಗಿ, ಖಾಸಗಿ ಬಸ್ಸುಗಳು ಊರಿನ ಕಡೆ ಮುಖ ಮಾಡಿ ನಿಲ್ಲುತ್ತವೆ. ಆ ಬಸ್ಸುಗಳು ಹೋಗುವ ದಕ್ಷಿಣ ಸೌರಾಷ್ಟ್ರದ ಅಂಚಿನಲ್ಲಿ ಊನಾ ಎಂಬ ಪಟ್ಟಣವಿದೆ. ಅಲ್ಲಿಂದ ಹದಿನೈದು ಕಿಲೋಮೀಟರಿನೊಳಗೆ ನೆಲ ಮುಗಿದು, ಒಂದು ಸಣ್ಣ ಹಿನ್ನೀರಿನಾಚೆ ದಿಯು ದ್ವೀಪ ಶುರುವಾಗುತ್ತದೆ.

ದಿಯುವನ್ನು ಜನ ದೂರದ ದ್ವೀಪ ಎನ್ನುತ್ತಾರೆ. ಈ 'ದೂರ' ಎಂಬ ಮಾತನ್ನೇ ಮೊದಲು ಬಿಡಿಸಿ ನೋಡಬೇಕು. ಸೂರತ್‌ನಿಂದ ನಕಾಶೆಯ ಮೇಲೆ ನೇರ ಗೆರೆ ಎಳೆದರೆ ದಿಯುವಿಗೆ ಸುಮಾರು 200 ಕಿಲೋಮೀಟರ್, ಅಂದರೆ ಬೆಂಗಳೂರಿನಿಂದ ಹಾಸನ ದಾಟಿದಷ್ಟು. ರಸ್ತೆ ಹಿಡಿದರೆ ಅದು 500 ಕಿಲೋಮೀಟರನ್ನು ಮೀರುತ್ತದೆ. ನಡುವೆ ಖಂಭಾತ್ ಕೊಲ್ಲಿ ಬಾಯಿ ತೆರೆದು ಕೂತಿರುವುದರಿಂದ ಬಸ್ಸು ಉತ್ತರಕ್ಕೆ ಹೋಗಿ, ಕೊಲ್ಲಿಯ ನೆತ್ತಿಯನ್ನು ಸುತ್ತಿ, ಮತ್ತೆ ದಕ್ಷಿಣಕ್ಕೆ ಇಳಿಯಬೇಕು. ಈ ಕೊಲ್ಲಿಯಲ್ಲಿ ಉಬ್ಬರ ಇಳಿತದ ಅಂತರ ಕೆಲವೆಡೆ ಹತ್ತು ಮೀಟರನ್ನೂ ದಾಟುತ್ತದೆ. ನರ್ಮದೆ, ಮಹಿ, ಸಾಬರಮತಿ, ತಾಪಿ ನದಿಗಳು ತಂದು ಸುರಿಯುವ ಹೂಳು ನೀರಿನೊಡನೆ ದಿನಕ್ಕೆರಡು ಬಾರಿ ಮೇಲೆ ಕೆಳಗೆ ಓಡಾಡುತ್ತದೆ. ಒಂದು ಕಾಲಕ್ಕೆ ಹಿಂದೂ ಮಹಾಸಾಗರದ ದೊಡ್ಡ ಪೇಟೆಯಾಗಿದ್ದ ಖಂಭಾತ್ ಬಂದರನ್ನು ನುಂಗಿದ್ದು ಇದೇ ಹೂಳು. ಈ ಮಾತು ಹಳೆಯ ಚರಿತ್ರೆಗೆ ಮಾತ್ರ ಸೇರಿದ್ದಲ್ಲ. 2017ರಲ್ಲಿ ಸೌರಾಷ್ಟ್ರದ ದಡದ ಘೋಘಾ ಮತ್ತು ಎದುರು ದಡದ ದಹೇಜ್ ನಡುವೆ ಅದ್ದೂರಿಯಾಗಿ ಆರಂಭವಾದ ಹಡಗಿನ ಸೇವೆ, ದಹೇಜ್ ಕಡೆ ಹೂಳು ತುಂಬಿ ಆಳ ಸಾಲದೆ ಎರಡೇ ವರ್ಷದಲ್ಲಿ ನಿಂತಿತು. 2020ರ ನವೆಂಬರ್ 8ರಂದು ಅದರ ಬದಲಿಗೆ ಘೋಘಾದಿಂದ ಸೂರತ್ ಬಳಿಯ ಹಜೀರಾಕ್ಕೆ ಸೇವೆ ಶುರುವಾಯಿತು. ರಸ್ತೆಯ 370 ಕಿಲೋಮೀಟರ್ ಕಡಲಲ್ಲಿ 90ಕ್ಕೆ ಇಳಿಯಿತು, ಹತ್ತು ಹನ್ನೆರಡು ತಾಸಿನ ಪ್ರಯಾಣ ನಾಲ್ಕು ತಾಸಿನದಾಯಿತು. ಇಷ್ಟು ಸುತ್ತಿ ಊನಾದ ಕಡೆಯಿಂದ ದಿಯು ತಲುಪಿದರೆ ಅಲ್ಲಿ ದಾಟಬೇಕಾದ್ದು ಒಂದು ಕಿರಿದಾದ ಹಿನ್ನೀರು, ಅದಕ್ಕೂ ಎರಡು ಸೇತುವೆಗಳಿವೆ. ದ್ವೀಪವನ್ನು ದ್ವೀಪವಾಗಿಸಿದ ನೀರು ಅದನ್ನು ದೂರ ಮಾಡಿಲ್ಲ. ದೂರ ಮಾಡಿದ್ದು ಆಚೆಯ ಕೊಲ್ಲಿಯ ಹೂಳು, ಮತ್ತು ಮನುಷ್ಯರು ಎಳೆದ ಗೆರೆಗಳು.

ಈ ಗೆರೆಗಳ ಬಗ್ಗೆಯೇ ಇಲ್ಲಿ ನಾನು ಹೇಳಬೇಕೆಂದಿರುವುದು. ಐದು ಶತಮಾನಗಳಿಂದ ದಿಯು ಹಣ ಕಂಡದ್ದು ತನ್ನ ನೆಲದಲ್ಲಿ ಬೆಳೆದದ್ದರಿಂದಲ್ಲ. ತನ್ನ ಸುತ್ತ ಯಾರೋ ಎಳೆದ ಗೆರೆಯ ಎರಡು ಬದಿಗಳಿಗಿದ್ದ ವ್ಯತ್ಯಾಸದಿಂದ. ಗೆರೆ ಸರಿದಾಗಲೆಲ್ಲ ಆ ಹಣವೂ ಸರಿದು ಹೋಗಿದೆ. ಪ್ರತಿ ಸಲವೂ ದ್ವೀಪದ ಜನರ ಕೈಯಲ್ಲಿ ಉಳಿದದ್ದು ಎರಡೇ: ಕಡಲು ಮತ್ತು ಕಸುಬು. ಆದ್ದರಿಂದ ಇಂಥ ಪುಟ್ಟ ನೆಲವೊಂದರ ಏಳಿಗೆಯನ್ನು ಅಳೆಯುವಾಗ ಗೆರೆ ತರುವ ಹಣವನ್ನು ಅದರ ಆಸ್ತಿ ಎಂದು ಲೆಕ್ಕ ಹಾಕುವುದು ತಪ್ಪು.

ನೆಲದಿಂದಲೇ ಆರಂಭಿಸೋಣ. ದಿಯು ಜಿಲ್ಲೆಯ ವಿಸ್ತೀರ್ಣ ಸುಮಾರು 40 ಚದರ ಕಿಲೋಮೀಟರ್. ದ್ವೀಪ ಪೂರ್ವ ಪಶ್ಚಿಮವಾಗಿ ಹನ್ನೊಂದು ಹನ್ನೆರಡು ಕಿಲೋಮೀಟರ್ ಉದ್ದ. ಅಗಲ ಹೆಚ್ಚೆಂದರೆ ಮೂರು. ಪೂರ್ವದ ತುದಿಗೆ ಕೋಟೆ ಮತ್ತು ದಿಯು ಪಟ್ಟಣ, ಪಶ್ಚಿಮದ ತುದಿಗೆ ಮೀನುಗಾರರ ವಣಾಕ್‌ಬಾರಾ, ನಡುವೆ ಫುದಮ್, ನಾಗೋವಾದಂಥ ಹಳ್ಳಿಗಳು. ಹಿನ್ನೀರಿನಾಚೆ ಗುಜರಾತಿನ ನೆಲಕ್ಕೆ ಅಂಟಿಕೊಂಡ ಘೋಘಲಾ ಕೂಡ ಈ ಜಿಲ್ಲೆಗೇ ಸೇರಿದ್ದು; ಇನ್ನಷ್ಟು ಪೂರ್ವಕ್ಕೆ ಸಿಂಬೋರ್ ಎಂಬ ಚೂರೊಂದು ಪ್ರತ್ಯೇಕವಾಗಿ ಬಿದ್ದಿದೆ. ನೆಲದಡಿಯಲ್ಲೆಲ್ಲ ಸುಣ್ಣಕಲ್ಲು. ಕೋಟೆಗಾಗಿ ಕಲ್ಲು ಕಡಿದು ಕಡಿದು ಆದ ಪೊಟರೆಗಳೇ ಇಂದು ಪ್ರವಾಸಿಗರು ನೋಡಲು ಹೋಗುವ ನಾಯ್ಡಾ ಗುಹೆಗಳು. ಒಳಗೆ ನಿಂತರೆ ಗೋಡೆಯ ಮೇಲೆ ಚಪ್ಪಡಿ ಎಬ್ಬಿಸಿದ ಉಳಿಯ ಗುರುತು ಮೆಟ್ಟಿಲುಗಳಂತೆ ಕಾಣುತ್ತದೆ, ಮೇಲಿನ ಬಿರುಕುಗಳಿಂದ ಬೆಳಕು ಬೀಳುತ್ತದೆ. ಈ ಕಲ್ಲು ಮನೆ ಕಟ್ಟಲು ಒಳ್ಳೆಯದು, ಬೆಳೆ ತೆಗೆಯಲು ಒಳ್ಳೆಯದಲ್ಲ. ಕೋಟೆ ಕಟ್ಟಿದವರು ಮಳೆನೀರಿಗಾಗಿ ದೊಡ್ಡ ತೊಟ್ಟಿಗಳನ್ನು ಮಾಡಿಕೊಂಡದ್ದು ಸುಮ್ಮನೆ ಅಲ್ಲ. ಇಲ್ಲಿ ಎಲ್ಲೆಡೆ ಕಾಣುವ ಮರ ಹೋಕಾ. ತಾಳೆಯ ಜಾತಿಯದಾದರೂ ತಾಳೆಯಂತೆ ಒಂಟಿಯಾಗಿ ನೆಟ್ಟಗೆ ಏಳದೆ, ಕಾಂಡ ಎರಡಾಗಿ, ಎರಡು ನಾಲ್ಕಾಗಿ ಕವಲೊಡೆಯುತ್ತದೆ. ಇದನ್ನು ಪೋರ್ಚುಗೀಸರು ಆಫ್ರಿಕಾದಿಂದ ತಂದರು ಎಂಬ ಮಾತು ಪ್ರವಾಸದ ಕೈಪಿಡಿಗಳಲ್ಲಿ ಸಾಮಾನ್ಯ. ಸಸ್ಯಶಾಸ್ತ್ರಜ್ಞರು ಮಾತ್ರ ಇದನ್ನು ಭಾರತದ ಪಶ್ಚಿಮ ಕರಾವಳಿಯ ಮತ್ತು ಶ್ರೀಲಂಕಾದ ಸ್ವಂತ ಜಾತಿ ಎಂದು ಗುರುತಿಸುತ್ತಾರೆ. ದಿಯುವಿನಲ್ಲಿರುವುದೆಲ್ಲ ಹೊರಗಿನಿಂದ ಬಂದದ್ದು ಎಂಬ ಅಭ್ಯಾಸದ ನಂಬಿಕೆಗೆ ಈ ಮರವೊಂದೇ ಸಾಕಷ್ಟು ಉತ್ತರ.

ಮೊದಲ ಗೆರೆ ಸುಂಕದ್ದು. ಖಂಭಾತ್‌ನ ಹೂಳಿನೊಳಗೆ ನುಗ್ಗಲಾಗದ ದೊಡ್ಡ ಹಡಗುಗಳಿಗೆ ಕೊಲ್ಲಿಯ ಹೊಸ್ತಿಲಲ್ಲಿದ್ದ ದಿಯು ಸಹಜವಾದ ತಂಗುದಾಣವಾಗಿತ್ತು. ಗುಜರಾತಿನ ಸುಲ್ತಾನರ ಪರವಾಗಿ ಇಲ್ಲಿ ಆಳಿದ ಮಲಿಕ್ ಅಯಾಜ್, ಗುಲಾಮನಾಗಿ ಬಂದು ಅಧಿಕಾರಕ್ಕೇರಿದವನು, ಈ ಬಂದರನ್ನು ಬೆಳೆಸಿದ. 1509ರ ಫೆಬ್ರವರಿ 3ರಂದು ಈಜಿಪ್ಟಿನ ಮಾಮ್ಲೂಕರು, ಗುಜರಾತಿನ ಸುಲ್ತಾನ ಮತ್ತು ಕಲ್ಲಿಕೋಟೆಯ ಸಾಮೂದಿರಿ ಕೂಡಿಸಿದ್ದ ನೌಕಾಬಲವನ್ನು ಇದೇ ಬಂದರಿನೆದುರು ಸೋಲಿಸಿದವನು ಫ್ರಾನ್ಸಿಸ್ಕೊ ದ ಅಲ್ಮೇಡಾ. ಆತ ಕನ್ನಡಿಗರಿಗೆ ಪರಕೀಯನಲ್ಲ. 1505ರಲ್ಲಿ ಭಾರತಕ್ಕೆ ಬಂದವನೇ ಕಾರವಾರದ ಎದುರಿಗಿನ ಅಂಜದೀವದಲ್ಲಿ ಕೋಟೆ ಎಬ್ಬಿಸಿದ್ದ. ದೀವ್ (ದಿಯುವಿನ ಇನ್ನೊಂದು ರೂಪ), ಅಂಜದೀವ ಎರಡೂ ಹೆಸರಿನಲ್ಲಿರುವುದು 'ದ್ವೀಪ' ಎಂಬ ಒಂದೇ ಪದ. ಎರಡನ್ನೂ ಹಿಡಿದವರ ಲೆಕ್ಕಾಚಾರವೂ ಒಂದೇ. ನೆಲ ಗೆಲ್ಲುವ ಗೋಜಿಗೆ ಹೋಗದೆ, ಕಡಲದಾರಿಯ ಕುತ್ತಿಗೆಯಲ್ಲಿ ಕೂತು ಹಾದುಹೋಗುವವರಿಂದ ಹಣ ಎತ್ತುವುದು. 1535ರಲ್ಲಿ ಹುಮಾಯೂನನ ದಾಳಿಯಿಂದ ಕಂಗೆಟ್ಟಿದ್ದ ಸುಲ್ತಾನ ಬಹಾದೂರ್ ಶಾಹ್ ನೆರವಿನ ಆಸೆಗೆ ದಿಯುವಿನಲ್ಲಿ ಕೋಟೆ ಕಟ್ಟಲು ಪೋರ್ಚುಗೀಸರಿಗೆ ಒಪ್ಪಿಗೆ ಕೊಟ್ಟ. ಎರಡೇ ವರ್ಷದಲ್ಲಿ ಅದೇ ದಿಯುವಿನ ನೀರಿನಲ್ಲಿ ಅವರ ಕೈಯಿಂದ ಸತ್ತ. 1538 ಮತ್ತು 1546ರ ಎರಡು ಮುತ್ತಿಗೆಗಳನ್ನೂ ಕೋಟೆ ತಡೆದುಕೊಂಡಿತು. ಆಮೇಲೆ 'ಕಾರ್ತಾಜ್' ಎಂಬ ಪರವಾನಗಿ ಪತ್ರವಿಲ್ಲದೆ ಗುಜರಾತಿನ ಹಡಗು ಕಡಲಿಗಿಳಿಯುವಂತಿರಲಿಲ್ಲ. ಹೋಗುವಾಗ ಬರುವಾಗ ದಿಯುವಿಗೆ ಬಂದು ಸುಂಕ ಕಟ್ಟಬೇಕಿತ್ತು. ನಮ್ಮ ಕರಾವಳಿಯ ಬಂದರುಗಳ ಮೇಲೂ ಬಿದ್ದದ್ದು ಇದೇ ಹೊರೆ, ಉಳ್ಳಾಲದ ರಾಣಿ ಅಬ್ಬಕ್ಕ ಕಾದಾಡಿದ್ದು ಇದೇ ಶಕ್ತಿಯೊಡನೆ. 16ನೇ ಶತಮಾನದಲ್ಲಿ ದಿಯುವಿನ ಸುಂಕದ ಕಟ್ಟೆ ಪೋರ್ಚುಗೀಸ್ ಭಾರತದ ಬೊಕ್ಕಸದ ದೊಡ್ಡ ಆಧಾರವಾಗಿತ್ತು. ಆದರೆ ಆ ಸಂಪತ್ತಿನಲ್ಲಿ ದಿಯು ಹುಟ್ಟಿಸಿದ್ದು ಏನಿತ್ತು? ಬಟ್ಟೆ ಗುಜರಾತಿನದು, ಮೆಣಸು ಮಲಬಾರಿನದು, ಕುದುರೆ ಅರೇಬಿಯಾದ್ದು. 17ನೇ ಶತಮಾನದಲ್ಲಿ ಮೊಘಲರ ನೆರಳಲ್ಲಿ ಸೂರತ್ ಬಂದರು ಬೆಳೆಯಿತು, ಡಚ್ಚರು ಇಂಗ್ಲಿಷರು ಬಂದರು, ಪರವಾನಗಿಯ ಕಾಗದಕ್ಕೆ ಬೆಲೆ ಇಲ್ಲದಾಯಿತು. 1668ರಲ್ಲಿ ಒಮಾನಿನ ಅರಬರು ಪಟ್ಟಣಕ್ಕೆ ನುಗ್ಗಿ ಲೂಟಿ ಮಾಡಿದರು. ಗಟ್ಟಿಮುಟ್ಟಾದ ಕೋಟೆ ಹಾಗೇ ಇತ್ತು. ಗೆರೆ ಮಾತ್ರ ಅಲ್ಲಿಂದ ಎದ್ದು ಹೋಗಿತ್ತು.

ಆಗ ದ್ವೀಪವನ್ನು ಉಳಿಸಿದ್ದು ಕೋಟೆಯವರಲ್ಲ, ಊರಿನ ವ್ಯಾಪಾರಿಗಳು ಮತ್ತು ನೇಕಾರರು. 1686ರಲ್ಲಿ ದಿಯುವಿನ ಬನಿಯಾ ವರ್ತಕರ ಕೂಟಕ್ಕೆ ಮೊಜಾಂಬಿಕ್‌ನೊಂದಿಗೆ ವ್ಯಾಪಾರ ಮಾಡುವ ಏಕಸ್ವಾಮ್ಯ ಸಿಕ್ಕಿತು. ಆಫ್ರಿಕಾದ ಒಳನಾಡಿನವರು ಎಂಥ ಬಣ್ಣ, ಎಂಥ ಪಟ್ಟೆ, ಎಷ್ಟು ಅಗಲದ ಬಟ್ಟೆ ಬೇಡುತ್ತಾರೆ ಎಂಬುದು ಈ ವರ್ತಕರಿಗೆ ಗೊತ್ತಿತ್ತು. ಬೇಕಾದಂತೆ ಗುಜರಾತಿನ ಜಂಬುಸರದ ಕಡೆ ನೇಯಿಸಿ ತಂದು ಕೊಡುತ್ತಿದ್ದರು, ಬದಲಿಗೆ ಆನೆದಂತ ತರುತ್ತಿದ್ದರು. ಆ ಹಡಗುಗಳಲ್ಲಿ ಗುಲಾಮರಾಗಿ ಮನುಷ್ಯರನ್ನೂ ತಂದರು ಎಂಬುದನ್ನು ಮುಚ್ಚಿಡಬಾರದು. ಸೌರಾಷ್ಟ್ರದಲ್ಲಿ ಇಂದಿಗೂ ಇರುವ ಸಿದ್ದಿಗಳನ್ನು ಕಂಡರೆ ಯಲ್ಲಾಪುರ, ಹಳಿಯಾಳದ ನಮ್ಮ ಸಿದ್ದಿಗಳು ನೆನಪಾಗುವುದು ಮುಖಚಹರೆಯಿಂದಷ್ಟೇ ಅಲ್ಲ, ಅದೇ ಕಡಲ ವ್ಯಾಪಾರದ ನೋವಿನಿಂದ. 20ನೇ ಶತಮಾನ ಬರುವಷ್ಟರಲ್ಲಿ ಬಟ್ಟೆಯ ಆ ವ್ಯಾಪಾರ ಮಸುಕಾಗಿತ್ತು, ಆದರೆ ಮೊಜಾಂಬಿಕ್‌ನ ದಾರಿ ಉಳಿದಿತ್ತು. ನೇಯ್ಗೆಯ ಕುಲದವರು ಗಾರೆ ಕೆಲಸ, ಬಡಗಿ ಕೆಲಸ ಕಲಿತು ಅಲ್ಲಿನ ಪಟ್ಟಣಗಳಲ್ಲಿ ಮನೆ ಕಟ್ಟಿದರು. ಏಕಸ್ವಾಮ್ಯದ ಕಾಗದ ಹರಿದ ಮೇಲೂ ಬದುಕು ಕೊಟ್ಟದ್ದು ಕೈಯ ಕಸುಬು. ಈ ವ್ಯತ್ಯಾಸವನ್ನು ಗಮನದಲ್ಲಿಡಬೇಕು, ಏಕೆಂದರೆ ಮುಂದಿನ ಕತೆಯೆಲ್ಲ ಇದೇ ವ್ಯತ್ಯಾಸದ ಸುತ್ತ ತಿರುಗುತ್ತದೆ.

1961ರ ಡಿಸೆಂಬರ್ 18 ಮತ್ತು 19ರಂದು ಭಾರತೀಯ ಸೇನೆ ಗೋವಾ, ದಮನ್, ದಿಯುಗಳನ್ನು ಪೋರ್ಚುಗೀಸರಿಂದ ಬಿಡಿಸಿತು. ಅದೇ ಹೊತ್ತಿಗೆ ಕಾರವಾರದೆದುರು 'ತ್ರಿಶೂಲ್' ಮತ್ತು 'ಮೈಸೂರು' ಹಡಗುಗಳ ನೌಕಾಸೈನಿಕರು ಅಂಜದೀವಕ್ಕೆ ಇಳಿದರು. ಆ ಪುಟ್ಟ ದ್ವೀಪದಲ್ಲಿ ಏಳು ಮಂದಿ ಪ್ರಾಣ ಕೊಟ್ಟರು. ಬಿಡುಗಡೆಯ ನಂತರ ಎರಡೂ ದ್ವೀಪಗಳ ದಾರಿ ಬೇರೆಯಾಯಿತು. ಅಂಜದೀವದಲ್ಲಿ ಇಂದು ಊರಿಲ್ಲ, ಅದು ಕಾರವಾರದ ನೌಕಾನೆಲೆಯ ಸುಪರ್ದಿನಲ್ಲಿದೆ. ಕಾವಲಿಗಾಗಿ ಹಿಡಿದ ದ್ವೀಪ ಕೊನೆಗೂ ಕಾವಲಿಗೇ ಉಳಿಯಿತು. ದಿಯುವಿನಲ್ಲಿ 2011ರ ಜನಗಣತಿಯಂತೆ 52,074 ಜನರಿದ್ದರು. ಕೋಟೆಯ ಲೆಕ್ಕಕ್ಕೆ ಸಿಗದ ಒಂದು ಬದುಕು ಇಲ್ಲಿ ಬೇರೂರಿತ್ತು ಎಂಬುದಕ್ಕೆ ಈ ಅಂಕಿಯೇ ಸಾಕ್ಷಿ. ಆದರೆ ಆ ಬದುಕಿಗೆ ಹೊಸ ಗೆರೆಗಳು ಕಾದಿದ್ದವು.

ಇಂದು ಗುಜರಾತಿನಿಂದ ಬರುವ ಯಾರಿಗಾದರೂ ಮೊದಲು ಕಾಣುವ ಗೆರೆ ಮದ್ಯದ್ದು. 1960ರ ಮೇ 1ರಂದು ರಾಜ್ಯ ಹುಟ್ಟಿದಾಗಿನಿಂದ ಗುಜರಾತಿನಲ್ಲಿ ಪಾನನಿಷೇಧವಿದೆ. ಮರುವರ್ಷ ಭಾರತಕ್ಕೆ ಸೇರಿದ ದಿಯು ಕೇಂದ್ರದ ಆಡಳಿತಕ್ಕೆ ಹೋದುದರಿಂದ ಇಲ್ಲಿ ನಿಷೇಧವಿಲ್ಲ. ತನಿಖಾ ಠಾಣೆ ದಾಟಿದ ಕೂಡಲೇ ಬಾರುಗಳ ಫಲಕಗಳು ಎದುರಾಗುತ್ತವೆ. ಹೋಟೆಲು ಕೋಣೆಗಳು ವಾರಾಂತ್ಯಕ್ಕೆ, ದೀಪಾವಳಿಗೆ ತುಂಬುತ್ತವೆ. ಇದರಲ್ಲಿ ತಪ್ಪೇನು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಹೋಟೆಲಿನ ಅಡುಗೆಯವನು, ರಿಕ್ಷಾದವನು, ನಾಗೋವಾದ ಮರಳಿನಲ್ಲಿ ಎಳನೀರು ಮಾರುವವಳು ದುಡಿದೇ ಉಣ್ಣುತ್ತಾರೆ, ಅವರ ದುಡಿಮೆಯನ್ನು ಹಗುರವಾಗಿ ಕಾಣುವ ಹಕ್ಕು ಯಾರಿಗೂ ಇಲ್ಲ. ಪ್ರವಾಸಿಗರು ಬರುವುದು ಬಾಟಲಿಗೆ ಮಾತ್ರವೂ ಅಲ್ಲ. ಘೋಘಲಾದ ಕಡಲತೀರಕ್ಕೆ 2020ರಲ್ಲಿ ಸ್ವಚ್ಛತೆಯ ಅಂತರರಾಷ್ಟ್ರೀಯ ಮಾನ್ಯತೆಯಾದ 'ಬ್ಲೂ ಫ್ಲ್ಯಾಗ್' ಸಿಕ್ಕಿದೆ. ಫುದಮ್‌ನ ಬಂಡೆಯ ಸಂದಿಯಲ್ಲಿ ಐದು ಲಿಂಗಗಳನ್ನು ಉಬ್ಬರದ ನೀರು ತೊಳೆಯುವ ಗಂಗೇಶ್ವರಕ್ಕೆ ಭಕ್ತರು ಬರುತ್ತಾರೆ. 1971ರ ಡಿಸೆಂಬರ್ 9ರಂದು ಈ ಕಡಲಿನಲ್ಲಿ ಮುಳುಗಿದ 'ಖುಕ್ರಿ' ಯುದ್ಧನೌಕೆಯ ಸ್ಮಾರಕದ ಮುಂದೆ ಜನ ಮೌನವಾಗಿ ನಿಲ್ಲುತ್ತಾರೆ. ನನ್ನ ಆಕ್ಷೇಪ ಮದ್ಯದ ನೀತಿ ಅನೀತಿಯ ಕುರಿತಾದದ್ದಲ್ಲ, ಅದರ ಸ್ಥಿರತೆಯ ಕುರಿತಾದದ್ದು. ದಿಯುವಿನ ಬಾರಿಗೆ ಗಿರಾಕಿಯನ್ನು ಕಳಿಸುತ್ತಿರುವುದು ಗಾಂಧಿನಗರದ ಒಂದು ಕಾನೂನು. ಆ ಕಾನೂನು ಬರೆಯುವಾಗ ದಿಯುವನ್ನು ಯಾರೂ ಕೇಳಲಿಲ್ಲ, ತಿದ್ದುವಾಗಲೂ ಕೇಳುವುದಿಲ್ಲ. 2023ರ ಡಿಸೆಂಬರಿನಲ್ಲಿ ಗುಜರಾತ್ ಸರ್ಕಾರ ಗಾಂಧಿನಗರದ ಬಳಿಯ ಗಿಫ್ಟ್ ಸಿಟಿಯಲ್ಲಿ ನಿಷೇಧವನ್ನು ಸಡಿಲಿಸಿತು. ಅದು ಸಣ್ಣ ಬಿರುಕು, ದಿಯುವಿನ ಹೋಟೆಲುಗಳನ್ನು ಅಲುಗಿಸುವಂಥದ್ದಲ್ಲ. ಆದರೆ ಗೆರೆ ಯಾರ ಕೈಯಲ್ಲಿದೆ ಎಂಬುದನ್ನು ಅದು ತೋರಿಸಿಕೊಟ್ಟಿತು. ಕಾರ್ತಾಜ್‌ನ ಕಾಲದ ವರ್ತಕನಿಗೂ ಇಂದಿನ ಬಾರಿನ ಮಾಲೀಕನಿಗೂ ಈ ಒಂದು ವಿಷಯದಲ್ಲಿ ಅಂತರವಿಲ್ಲ.

ಕಣ್ಣಿಗೆ ಬೀಳದ ಇನ್ನೊಂದು ಗೆರೆ ಪಾಸ್‌ಪೋರ್ಟಿನದು. 1961ರ ಡಿಸೆಂಬರಿಗೆ ಮೊದಲು ಇಲ್ಲಿ ಹುಟ್ಟಿದವರನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ಪೋರ್ಚುಗಲ್ ತನ್ನ ಪ್ರಜೆಗಳೆಂದು ದಾಖಲಿಸಿಕೊಳ್ಳಲು ಅವಕಾಶ ಕೊಡುತ್ತದೆ. ಮೊಜಾಂಬಿಕ್ 1975ರಲ್ಲಿ ಸ್ವತಂತ್ರವಾದಾಗ ಅಲ್ಲಿದ್ದ ದಿಯುವಿನ ಅನೇಕ ಮನೆತನಗಳು ಲಿಸ್ಬನ್‌ಗೆ ಹೋದವು. ಆ ದಾರಿಯೇ ಮುಂದೆ ಐರೋಪ್ಯ ಒಕ್ಕೂಟದ ಮೂಲಕ ಲಂಡನ್, ಲೆಸ್ಟರ್‌ಗಳಿಗೆ ಚಾಚಿತು. ಭಾರತ ಎರಡು ಪೌರತ್ವವನ್ನು ಒಪ್ಪುವುದಿಲ್ಲವಾದ್ದರಿಂದ ಹೋಗುವವರು ಈ ದೇಶದ ಪೌರತ್ವವನ್ನು ಬಿಟ್ಟೇ ಹೋಗಬೇಕು. ಇದರ ಗುರುತನ್ನು ಜನಗಣತಿಯ ಒಂದು ಸಾಲಿನಲ್ಲಿ ಓದಬಹುದು. 2011ರಲ್ಲಿ ದಿಯು ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,031 ಹೆಂಗಸರಿದ್ದರು; ಅದೇ ಕೇಂದ್ರಾಡಳಿತ ಪ್ರದೇಶದ ಇನ್ನೊಂದು ಜಿಲ್ಲೆಯಾದ ದಮನ್‌ನಲ್ಲಿ 534. ಒಂದೇ ಆಡಳಿತ, ಒಂದೇ ವಸಾಹತು ಚರಿತ್ರೆ, ಆದರೂ ಅಂಕಿ ಇಷ್ಟು ಬೇರೆ ಏಕೆ? ದಮನ್‌ನ ಕಾರ್ಖಾನೆಗಳು ದೇಶದ ನಾನಾ ಕಡೆಯಿಂದ ಗಂಡಾಳುಗಳನ್ನು ಎಳೆದುಕೊಂಡವು. ದಿಯು ತನ್ನ ಗಂಡಸರನ್ನು ಹೊರಗೆ ಕಳಿಸಿತು. ಊರಿನಲ್ಲಿ ಒಳ್ಳೆಯ ಬಣ್ಣ ಬಳಿದ, ಬಾಗಿಲಿಗೆ ಬೀಗ ಬಿದ್ದ ಮನೆಗಳಿದ್ದರೆ ಅವುಗಳ ಕೀಲಿ ಸಮುದ್ರದಾಚೆ ಇರುತ್ತದೆ.

ಇದು ನಷ್ಟವಲ್ಲ ಲಾಭ ಎನ್ನುವವರಿದ್ದಾರೆ. ಹೋದವರು ಹಣ ಕಳಿಸುತ್ತಾರೆ, ಮನೆ ಕಟ್ಟಿಸುತ್ತಾರೆ, ದೇವಸ್ಥಾನಕ್ಕೆ ಕೊಡುತ್ತಾರೆ. ಒಪ್ಪುತ್ತೇನೆ. ಮಂಗಳೂರು, ಉಡುಪಿಯ ಮನೆಗಳಿಗೆ ಮುಂಬಯಿ ಮತ್ತು ಕೊಲ್ಲಿಯ ದೇಶಗಳ ಮನಿಯಾರ್ಡರು ಏನು ಮಾಡಿತೆಂದು ಬಲ್ಲ ಕನ್ನಡಿಗರು ಇದನ್ನು ಅಲ್ಲಗಳೆಯಲಾರರು. ಕತಾರ್‌ಗಾಮ್‌ನ ರತ್ನಕಲಾಕಾರನೂ ಇದನ್ನೇ ಮಾಡಿದ್ದಾನೆ, ಸೌರಾಷ್ಟ್ರದ ಎಷ್ಟೋ ಹಳ್ಳಿಗಳ ಶಾಲೆಗೆ, ಚೆಕ್‌ಡ್ಯಾಮಿಗೆ ಸೂರತ್‌ನ ವಜ್ರದ ಹಣ ಹೋಗಿದೆ. ಆದರೆ ಎರಡು ವಲಸೆಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಒಂದು ಭೇದ ಕಾಣುತ್ತದೆ. ಅಮ್ರೇಲಿಯ ರೈತನ ಮಗ ಸೂರತ್‌ಗೆ ಬಂದಾಗ ಅವನ ಕೈಯಲ್ಲಿ ಕಾಗದವಿರಲಿಲ್ಲ. ಘಂಟಿಯ ಮುಂದೆ ಕೂತು ಕಲ್ಲು ಹಿಡಿಯಲು ಕಲಿತ, ಆ ಕಲಿಕೆಯಿಂದ ಉಂಡ. ದಿಯುವಿನ ಯುವಕನಿಗೆ ಬಾಗಿಲು ತೆರೆಯುವುದು ಅಜ್ಜನ ಜನನ ದಾಖಲೆ. ಬಾಗಿಲ ಆಚೆ ಅವನೂ ಬೆವರು ಸುರಿಸಿಯೇ ದುಡಿಯುತ್ತಾನೆ, ಆದರೆ ಬಾಗಿಲು ತೆರೆದಿರುವುದೂ ಮುಚ್ಚುವುದೂ ಅವನ ಕೈಯಲ್ಲಿಲ್ಲ. 2020ರ ಜನವರಿ 31ರಂದು ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟಿತು. ಲೆಸ್ಟರ್‌ಗೆ ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದು ನೇರವಾಗಿ ಹೋಗಿ ನೆಲೆಸುವ ದಾರಿ, ಅದರ ಮುಂದಿನ ತಿಂಗಳುಗಳಲ್ಲಿ, ಹೊಸಬರಿಗೆ ಮುಚ್ಚಿತು. ದಿಯುವಿನ ಬೀದಿಯಲ್ಲಿ ಒಂದು ಕಲ್ಲೂ ಅಲುಗದೆ ಒಂದು ತಲೆಮಾರಿನ ಯೋಜನೆ ಬದಲಾಯಿತು.

ಹಾಗಾದರೆ ದ್ವೀಪದ ಸ್ವಂತ ಬಲ ಯಾವುದು? ಅದಕ್ಕೆ ವಣಾಕ್‌ಬಾರಾಕ್ಕೆ ಹೋಗಬೇಕು. ಪ್ರವಾಸಿ ಬಸ್ಸುಗಳು ಹೆಚ್ಚು ನಿಲ್ಲದ ಈ ಪಶ್ಚಿಮದ ತುದಿಯಲ್ಲಿ ದೋಣಿಗಳು ಒತ್ತೊತ್ತಾಗಿ ನಿಂತಿರುತ್ತವೆ. ದಂಡೆಯ ಮೇಲೆ ಮರದ ಹೊಸ ದೋಣಿಗಳ ಪಕ್ಕೆಲುಬು ಏಳುತ್ತಿರುತ್ತದೆ, ಹಳೆಯವುಗಳ ಸಂದಿಗೆ ಹತ್ತಿ ತುರುಕಿ ಎಣ್ಣೆ ಬಳಿಯುವವರು ಇರುತ್ತಾರೆ. ಇಲ್ಲಿನ ಮೀನುಗಾರರಲ್ಲಿ ಕೋಳಿಗಳಿದ್ದಾರೆ, ಖಾರ್ವಾಗಳಿದ್ದಾರೆ. ನಮ್ಮ ಕರಾವಳಿಯ ಖಾರ್ವಿಗಳ ಹೆಸರು ಕೇಳಿದಂತೆಯೇ ಇದೆ. ಇಲ್ಲಿಂದ ಜಾಫರಾಬಾದಿನವರೆಗಿನ ದಂಡೆಯ ಹಳೆಯ ವಿದ್ಯೆ ಡೋಲ್ ಬಲೆ. ಉದ್ದನೆಯ ಚೀಲದಂಥ ಬಲೆಯನ್ನು ಕಡಲತಳಕ್ಕೆ ಊರಿ, ಅದರ ಬಾಯಿಯನ್ನು ನೀರಿನ ಸೆಳೆತಕ್ಕೆ ಎದುರಾಗಿ ನಿಲ್ಲಿಸುತ್ತಾರೆ. ಎಳೆಯುವ ಕೆಲಸವಿಲ್ಲ, ಬಲವಾದ ಉಬ್ಬರವೇ ಮೀನನ್ನು ತಂದು ತುಂಬುತ್ತದೆ. ನೀರು ನಿಂತ ಸ್ವಲ್ಪ ಹೊತ್ತಿನಲ್ಲಿ ಬಲೆ ಎತ್ತಬೇಕು, ಆ ಹೊತ್ತು ತಪ್ಪಿದರೆ ಸೆಳೆತ ತಿರುಗುತ್ತದೆ. ಅದರಲ್ಲಿ ಹೆಚ್ಚಾಗಿ ಸಿಗುವುದು ಬೊಂಬಿಲ್, ಬೆರಳಿಟ್ಟರೆ ಜಾರುವ ನೀರುನೀರಾದ ಮೀನು. ಹಸಿಯಾಗಿ ಬಹಳ ಹೊತ್ತು ಇರುವುದಿಲ್ಲ. ಆದ್ದರಿಂದ ಎರಡೆರಡನ್ನು ಬಾಯಿಗೆ ಬಾಯಿ ಸಿಕ್ಕಿಸಿ, ಕಂಬದಿಂದ ಕಂಬಕ್ಕೆ ಕಟ್ಟಿದ ಹಗ್ಗದ ಮೇಲೆ ಸಾಲಾಗಿ ಬಿಸಿಲಿಗೆ ಹಾಕುತ್ತಾರೆ. ಈ ಕೆಲಸ ಬಹುಪಾಲು ಹೆಂಗಸರದ್ದು. ಖಂಭಾತನ್ನು ಕೊಂದ, ದಹೇಜ್‌ನ ಹಡಗನ್ನು ನಿಲ್ಲಿಸಿದ ಅದೇ ಉಬ್ಬರವನ್ನು ಇವರು ಪಗಾರವಿಲ್ಲದ ಆಳಾಗಿ ದುಡಿಸಿಕೊಂಡಿದ್ದಾರೆ. ದೂರದ ಕಾನೂನು ಕೊಟ್ಟದ್ದೂ ಅಲ್ಲ, ಕಸಿಯಲಾಗುವುದೂ ಅಲ್ಲ ಈ ಬಲ್ಮೆ.

ಇದಕ್ಕೆ ಬರುವ ಅತ್ಯಂತ ಗಟ್ಟಿಯಾದ ಆಕ್ಷೇಪ ಹೀಗಿದೆ: ಮೀನುಗಾರಿಕೆಯನ್ನು ಹೊಗಳುವುದು ಸುಲಭ, ಅದರಿಂದ ಬದುಕುವುದು ಕಷ್ಟ. ಯಂತ್ರದ ಟ್ರಾಲರುಗಳು ಹೆಚ್ಚಿವೆ, ಡೀಸೆಲಿನ ಬೆಲೆ ಏರಿದೆ, ಒಳ್ಳೆಯ ಮೀನಿಗೆ ದಿನಗಟ್ಟಲೆ ದೂರ ಹೋಗಬೇಕು. ಹಾಗೆ ಹೋದವರು ಕಡಲಿನ ಮೇಲಿನ ಕಾಣದ ಗಡಿ ದಾಟಿದರೆಂದು ಪಾಕಿಸ್ತಾನದ ಕೈಗೆ ಸಿಕ್ಕಿ ವರ್ಷಗಟ್ಟಲೆ ಜೈಲಿನಲ್ಲಿ ಕೊಳೆಯುತ್ತಾರೆ. ಸೌರಾಷ್ಟ್ರದ ಮೀನುಗಾರರ ಜೊತೆ ದಿಯುವಿನವರೂ ಹಾಗೆ ಸಿಕ್ಕಿಬಿದ್ದಿದ್ದಾರೆ. ಇದೆಲ್ಲ ನಿಜ. ಆದರೆ ಇದು ನನ್ನ ವಾದವನ್ನು ಮುರಿಯುವುದಿಲ್ಲ, ಅದಕ್ಕೆ ತುರ್ತು ತರುತ್ತದೆ. ಪಾಕಿಸ್ತಾನದ ಗಸ್ತಿಗೆ ಸಿಕ್ಕಿದವನು ಗೆರೆಯ ಇನ್ನೊಂದು ಮುಖವನ್ನು ಕಂಡವನು. ನೆಲದ ಮೇಲೆ ಬಾರಿಗೆ ಲಾಭ ತಂದ ಗೆರೆಯೇ ನೀರಿನ ಮೇಲೆ ಮೀನುಗಾರನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಮೀನು ಕಡಿಮೆಯಾಗುತ್ತಿರುವುದಕ್ಕೆ ಕಾರಣಗಳು ಗೊತ್ತಿರುವಂಥವು, ಮದ್ದೂ ಗೊತ್ತಿರುವಂಥದ್ದು: ಸಂತಾನದ ಕಾಲದ ನಿಷೇಧವನ್ನು ಬಿಗಿಯಾಗಿ ಪಾಲಿಸುವುದು, ಬಲೆಯ ಕಣ್ಣು ಕಿರಿದಾಗದಂತೆ ನೋಡಿಕೊಳ್ಳುವುದು, ಹಿಡಿದದ್ದು ಕೆಡದಂತೆ ಐಸು ಮತ್ತು ಶೈತ್ಯಾಗಾರ ಒದಗಿಸುವುದು, ಒಣಮೀನಿಗೆ ಧೂಳು ಬೀಳದ ಅಂಗಳ ಮತ್ತು ನ್ಯಾಯದ ಬೆಲೆ ಕೊಡಿಸುವುದು. ಇವಕ್ಕೆ ಗಾಂಧಿನಗರದ ಅಥವಾ ಲಿಸ್ಬನ್‌ನ ಅನುಮತಿ ಬೇಡ.

ದ್ವೀಪ ಇಂಥ ಕೆಲಸ ಮಾಡಬಲ್ಲದೆಂಬುದಕ್ಕೆ ಉದಾಹರಣೆಯೂ ಇದೆ. ಮೊದಲು ದಿಯುವಿನ ವಿದ್ಯುತ್ತಿನ ಬಹುಪಾಲು ಗುಜರಾತಿನ ತಂತಿಯಿಂದ ಬರುತ್ತಿತ್ತು. ಫುದಮ್‌ನ ಬಂಜರು ಕಲ್ಲುನೆಲದಲ್ಲಿ 9 ಮೆಗಾವಾಟಿನ ಸೌರ ಘಟಕ ಎದ್ದು, ಮನೆಮಾಳಿಗೆಗಳ ಮೇಲೂ ಫಲಕಗಳು ಬಂದವು. 2018ರ ಹೊತ್ತಿಗೆ ಹಗಲಿನ ವಿದ್ಯುತ್ತನ್ನೆಲ್ಲ ಬಿಸಿಲಿನಿಂದಲೇ ಪಡೆಯುವ ಊರೆಂದು ದಿಯು ದೇಶಕ್ಕೆ ಮಾದರಿಯಾಯಿತು. ರಾತ್ರಿಗೆ ಇನ್ನೂ ಆಚೆಯ ತಂತಿಯೇ ಗತಿ, ಆದ್ದರಿಂದ ಇದನ್ನು ಪೂರ್ಣ ಸ್ವಾವಲಂಬನೆ ಎನ್ನಲಾಗದು. ಆದರೂ ಬೆಳೆ ಬಾರದ ಕಲ್ಲು, ಮಳೆ ಕಡಿಮೆಯ ಆಕಾಶ, ಯಾವುದನ್ನು ಬಡತನದ ಕಾರಣ ಎಂದು ಎಣಿಸುತ್ತಿದ್ದರೋ ಅದೇ ಇಲ್ಲಿ ಬಂಡವಾಳವಾಯಿತು. ಡೋಲ್ ಬಲೆಯವರು ಉಬ್ಬರಕ್ಕೆ ಮಾಡಿದ್ದನ್ನು ಈ ಘಟಕ ಬಿಸಿಲಿಗೆ ಮಾಡಿತು. ಕೊರತೆ ಇರುವುದು ಮಾತಾಡುವ ಹಕ್ಕಿನಲ್ಲಿ. 1987ರ ಮೇ 30ರಂದು ಗೋವಾ ರಾಜ್ಯವಾದಾಗ ದಮನ್ ಮತ್ತು ದಿಯು ಬೇರೆ ಉಳಿದವು. 2020ರ ಜನವರಿ 26ರಂದು ದಾದ್ರಾ ಮತ್ತು ನಗರ್ ಹವೇಲಿಯೊಡನೆ ಒಂದಾದವು. ಶಾಸನಸಭೆ ಇಲ್ಲ. ಲೋಕಸಭೆಯ ಒಂದು ಸ್ಥಾನವನ್ನು ಜನಸಂಖ್ಯೆಯಲ್ಲಿ ಹಲವು ಪಟ್ಟು ದೊಡ್ಡದಾದ ದಮನ್‌ನೊಡನೆ ಹಂಚಿಕೊಳ್ಳಬೇಕು. ರಾಜಧಾನಿ ದಮನ್ ಇರುವುದು ಕೊಲ್ಲಿಯ ಆಚೆ ದಡದಲ್ಲಿ, ಸೂರತ್‌ಗೂ ದಕ್ಷಿಣಕ್ಕೆ. ವಣಾಕ್‌ಬಾರಾದ ಮೀನುಗಾರನ ಅರ್ಜಿ ಕತಾರ್‌ಗಾಮ್‌ನ ಬಸ್ಸು ಬಂದ ದಾರಿಯನ್ನೆಲ್ಲ ಹಿಂದಕ್ಕೆ ಸುತ್ತಿ ಹೋಗಬೇಕು. ಗುಜರಾತಿಗೆ ಸೇರಿಸಿಬಿಟ್ಟರೆ ಇದೆಲ್ಲ ಸರಿಹೋಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಗೆರೆಯನ್ನು ಒಮ್ಮೆಲೇ ಅಳಿಸಿದರೆ ಅದರ ಮೇಲೆ ನಿಂತ ಹೋಟೆಲುಗಳೂ ನೌಕರಿಗಳೂ ಅಂದೇ ಬೀಳುತ್ತವೆ. ಗೆರೆ ಇರುವಾಗಲೇ, ಅದು ತರುವ ತೆರಿಗೆಯ ಹಣವನ್ನು ಗೆರೆ ಹೋದ ಮೇಲೂ ಉಳಿಯುವಂಥದ್ದಕ್ಕೆ ತೊಡಗಿಸುವುದೇ ವಿವೇಕ: ಬಂದರಿಗೆ, ದೋಣಿ ಕಟ್ಟುವವರ ತರಬೇತಿಗೆ, ಮೀನು ಒಣಗಿಸುವ ಹೆಂಗಸರ ಸಹಕಾರ ಸಂಘಕ್ಕೆ.

ಈ ಮಾತು ದ್ವೀಪಕ್ಕೆ ಮಾತ್ರ ಅನ್ವಯಿಸುವುದಲ್ಲ. ಕತಾರ್‌ಗಾಮ್‌ಗೆ ಮರಳಿದರೆ ಅಲ್ಲಿಯೂ ಕಚ್ಚಾ ವಜ್ರ ಆಫ್ರಿಕಾದಿಂದ, ರಷ್ಯಾದಿಂದ ಬರುತ್ತದೆ, ಕೊಳ್ಳುವವರು ಅಮೆರಿಕದಲ್ಲಿ, ಹಾಂಗ್‌ಕಾಂಗ್‌ನಲ್ಲಿ ಇರುತ್ತಾರೆ. ಕೆಲವು ವರ್ಷಗಳಿಂದ ಬೇಡಿಕೆ ಕುಸಿದಿದೆ. 2025ರ ಆಗಸ್ಟಿನಲ್ಲಿ ಅಮೆರಿಕ ಭಾರತದ ಸರಕಿನ ಮೇಲೆ ಶೇಕಡ 50ರ ಸುಂಕ ಹಾಕಿದಾಗ ಸೂರತ್‌ನ ಘಂಟಿಗಳಿಗೆ ಇನ್ನಷ್ಟು ಪೆಟ್ಟು ಬಿತ್ತು. ಇಷ್ಟಾದರೂ ಕಲ್ಲಿನ ಯಾವ ಮುಖವನ್ನು ಎಷ್ಟು ತೇಯಬೇಕೆಂದು ಬಲ್ಲ ಬೆರಳುಗಳು ಅಲ್ಲಿವೆ, ಪ್ರಯೋಗಾಲಯದ ವಜ್ರಕ್ಕೂ ಆ ಬೆರಳುಗಳೇ ಬೇಕು. ಅದೇ ಊರಿನ ಪಾಪಡಿಗೆ ಆ ಭಾಗ್ಯವಿರಲಿಲ್ಲ. ಹೊಲ ಹೋಯಿತು, ಬೆಳೆಯುತ್ತಿದ್ದ ಕೈಗಳು ಬೇರೆ ಕೆಲಸಕ್ಕೆ ತಿರುಗಿದವು. ಈಗ ಚಳಿಗಾಲದ ತರಕಾರಿ ಗಾಡಿಯಲ್ಲಿ ಕತಾರ್‌ಗಾಮ್ ಒಂದು ರುಚಿಯ ಹೆಸರಾಗಿ ಮಾತ್ರ ಉಳಿದಿದೆ. ದಿಯುವಿನಲ್ಲಿ ಕೈಗಳಿನ್ನೂ ಇವೆ. ವಣಾಕ್‌ಬಾರಾದ ದಂಡೆಯಲ್ಲಿ ನೀರು ನಿಲ್ಲುವ ಹೊತ್ತನ್ನು ಗಡಿಯಾರ ನೋಡದೆ ಹೇಳಬಲ್ಲವರು ಇದ್ದಾರೆ, ಅವರ ಮಕ್ಕಳು ಪಾಸ್‌ಪೋರ್ಟಿನ ಕಾಗದ ಹುಡುಕುವ ಮುನ್ನ ಆ ಹೊತ್ತನ್ನು ಕಲಿಯುವಂತೆ ಬದುಕನ್ನು ಹಸನು ಮಾಡಿಕೊಡಬೇಕಾದ್ದು ಈಗ.